ಲ್ಯಾಪ್‌ಟಾಪ್ ಹಿಡಿಯುವವನ ಪಾಡು

ಹಳೇ ಜಿಪ್ಸಿಯ ಕಾರ್ಬ್ಯುರೇಟರ್ ಕಿತ್ತು ಇಂಜೆಕ್ಟರ್ ಕೂರಿಸುವ ಗೆಳೆಯ ನಿಮಗಿದ್ದರೆ ಒಂದು ವಿಷಯ ಗೊತ್ತಿರಲಿ. ಓಡಿಸುವವನು ಅವನು, ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂರುವವರು ನೀವು. ಜಿಪ್ಸಿಗೆ ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್. ಪ್ರತಿ ರೋಡ್ ಹಂಪಿಗೂ ಲ್ಯಾಪ್‌ಟಾಪ್ ಒಂದು ಗೇಣು ಹಾರುತ್ತದೆ, ಯುಎಸ್‌ಬಿ ಕೇಬಲ್ ಕಳಚುತ್ತದೆ, ಇಂಜಿನ್ನಿನ ರೀಡಿಂಗ್ ಬರೆದುಕೊಳ್ಳುವ ಲಾಗ್ ನಿಲ್ಲುತ್ತದೆ. ಬೈಗುಳ ಮಾತ್ರ ನಿಮಗೆ.

ನಮ್ಮವನು ಹಾಕಿಸಿದ್ದು ಸ್ಪೀಡುಯಿನೋ, ಆರ್ಡುಯಿನೋ ಮೆಗಾ ಬೋರ್ಡಿನ ಮೇಲೆ ನಡೆಯುವ ಓಪನ್ ಸೋರ್ಸ್ ಇಸಿಯು, ಅಂದರೆ ಇಂಜಿನ್ನಿಗೆ ಎಷ್ಟು ಪೆಟ್ರೋಲ್ ಅಂತ ತೀರ್ಮಾನಿಸುವ ಪುಟ್ಟ ಕಂಪ್ಯೂಟರ್. ಅದರೊಳಗೆ ಪೆಟ್ರೋಲಿನ ಟೇಬಲ್. ಒಂದು ಕಡೆ ಆರ್‌ಪಿಎಂ, ಇನ್ನೊಂದು ಕಡೆ ಮ್ಯಾನಿಫೋಲ್ಡ್ (ಇಂಜಿನ್ನಿಗೆ ಗಾಳಿ ಹೋಗುವ ಪೈಪ್) ಒತ್ತಡ, 16 ಇಂಟು 16, ಒಟ್ಟು 256 ಮನೆ. ಇಷ್ಟು ಸ್ಪೀಡು, ಇಷ್ಟು ಲೋಡ್ ಇದ್ದಾಗ ಇಂಜಿನ್ ಎಷ್ಟು ಗಾಳಿ ಎಳೆದುಕೊಳ್ಳುತ್ತದೆ ಅಂತ ಒಂದೊಂದು ಮನೆಯಲ್ಲೂ ಒಂದು ಅಂದಾಜು. ಅದರ ಮೇಲೆ ಪೆಟ್ರೋಲ್ ಲೆಕ್ಕ. ಗಾಡಿ ಓಡಿಸಿ, ಸೈಲೆನ್ಸರ್ ಪೈಪಿನಲ್ಲಿ ಕೂತು ಗಾಳಿ-ಪೆಟ್ರೋಲ್ ಪ್ರಮಾಣ ಹೇಳುವ ವೈಡ್‌ಬ್ಯಾಂಡ್ ಸೆನ್ಸರ್ ಏನು ಹೇಳುತ್ತೆ ಅಂತ ನೋಡಿ, ಒಂದೊಂದೇ ಮನೆ ಸರಿಮಾಡಬೇಕು.

ಬೆಂಗಳೂರಲ್ಲಿ ಮನೆ ಸಿಗೋದು ಎಷ್ಟು ಕಷ್ಟ ಅಂತ ಎಲ್ಲರಿಗೂ ಗೊತ್ತು. ಸಿಲ್ಕ್ ಬೋರ್ಡ್ ಹತ್ತಿರ ಸ್ಕ್ರೀನಿನ ಚುಕ್ಕಿ ಐಡಲ್ ಮನೆ ಬಿಟ್ಟು ಅಲ್ಲಾಡಲೇ ಇಲ್ಲ. ಆ ಒಂದು ಮನೆ ಮಾತ್ರ ಎಷ್ಟು ಚೆನ್ನಾಗಿ ಟ್ಯೂನ್ ಆಗಿತ್ತು ಅಂದರೆ, ಇಂಜಿನ್ ಆನ್ ಆಗಿದೆಯೋ ಇಲ್ಲವೋ ಅಂತ ಅನುಮಾನ ಬರುತ್ತಿತ್ತು. ಮೇಲಿನ ಸಾಲಿನ ಕಥೆ ಬೇರೆ. ಅದು 100 ಕಿಲೋಪಾಸ್ಕಲ್. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಇಲ್ಲಿ ಹೊರಗಿನ ಗಾಳಿಯ ಒತ್ತಡವೇ 91ರ ಆಸುಪಾಸು. ಆಕ್ಸಿಲರೇಟರ್ ನೆಲಕ್ಕೊತ್ತಿದರೂ ಆ ಸಾಲು ಮುಟ್ಟಲ್ಲ.

"ಸಮುದ್ರಮಟ್ಟದಲ್ಲಿ ನೂರು ಸಿಗುತ್ತೆ, ಮಂಗಳೂರಿಗೆ ಹೋಗೋಣ ಮಗಾ" ಅಂದ. ಒಂದು ಸಾಲು ತುಂಬಿಸಲು 350 ಕಿಲೋಮೀಟರ್! ನನಗೆ ಮೀನೂಟ ಕಾಣಿಸಿತು, ಹೊರಟೆ.

ಹಾಸನ ದಾಟುವವರೆಗೂ ಎಲ್ಲ ಚೆನ್ನಾಗಿತ್ತು. ಶಿರಾಡಿ ಘಾಟಿ ಇಳಿಯುವಾಗ ಅವನು ಆಕ್ಸಿಲರೇಟರಿನಿಂದ ಕಾಲು ತೆಗೆದ. ಆಗ ಇಸಿಯು ಪೆಟ್ರೋಲ್ ಪೂರ್ತಿ ನಿಲ್ಲಿಸುತ್ತದೆ, ಪೈಪಿನಲ್ಲಿ ಬರೀ ಗಾಳಿ. ಆ ಹೊತ್ತಿನ ರೀಡಿಂಗ್ ಲೆಕ್ಕಕ್ಕೆ ಹಿಡಿಯಬೇಡ ಅಂತ, ಸೆನ್ಸರ್ ನೋಡಿ ತಾನಾಗೇ ಮನೆ ತಿದ್ದುವ ಆಟೋಟ್ಯೂನಿಗೆ ಫಿಲ್ಟರ್ ಹಾಕಬೇಕು, ಸಾಹೇಬರು ಹಾಕಿರಲಿಲ್ಲ. ಒಂದು ಪಾಲು ಪೆಟ್ರೋಲ್‌ಗೆ 14.7 ಪಾಲು ಗಾಳಿ ಇರಬೇಕಾದ ಕಡೆ ಸ್ಕ್ರೀನಲ್ಲಿ 20 ದಾಟಿತು. ಅಯ್ಯೋ ಪಾಪ, ಇಂಜಿನ್ ಉಪವಾಸ ಬಿದ್ದಿದೆ ಅಂತ ಆಟೋಟ್ಯೂನ್ ಆಗ ಚುಕ್ಕಿ ಇದ್ದ ಕೆಳಗಿನ ಸಾಲಿನ ಮನೆಗಳಿಗೆಲ್ಲ ಧಾರಾಳವಾಗಿ ಸುರಿಯುತ್ತಾ ಹೋಯಿತು.

ಇಷ್ಟು ಸಾಲದು ಅಂತ ಕೆಳಗಿಳಿಯುವಷ್ಟರಲ್ಲಿ ಒಂದು ಪ್ಲಗ್ ವೈರ್ ಅಲ್ಲಾಡಿ ಅಲ್ಲಾಡಿ ಸಡಿಲವಾಯಿತು. ಒಂದು ಸಿಲಿಂಡರಿನಲ್ಲಿ ಕಿಡಿ ಇಲ್ಲ. ಅಲ್ಲಿ ಸುಡದೆ ಉಳಿದ ಪೆಟ್ರೋಲು, ಆಕ್ಸಿಜನ್ ಎರಡೂ ಪೈಪಿಗೆ ಬಂದವು. ಆದರೆ ಆ ಸೆನ್ಸರಿಗೆ ಕಾಣುವುದು ಆಕ್ಸಿಜನ್ ಒಂದೇ. ಪೆಟ್ರೋಲ್ ಪಕ್ಕದಲ್ಲೇ ನಿಂತು ಕೈ ಬೀಸಿದರೂ ಅದಕ್ಕೆ ಗೊತ್ತಾಗಲ್ಲ. ಮಿಕ್ಸ್ಚರ್ ಲೀನ್, ಅಂದರೆ ಪೆಟ್ರೋಲ್ ಕಡಿಮೆ ಅಂತು. ಆಟೋಟ್ಯೂನ್ ಇನ್ನಷ್ಟು ಸುರಿಯಿತು. ಕೆಟ್ಟು ಹೋದ ಗಾಡಿಗೆ ಟ್ಯೂನಿಂಗ್ ಮಾಡಿದರೆ ಗಾಡಿಯ ಜೊತೆ ಟೇಬಲ್ಲೂ ಕೆಡುತ್ತದೆ ಅನ್ನೋದು ನನ್ನಂಥ ಲ್ಯಾಪ್‌ಟಾಪ್ ಹಿಡಿಯುವವನಿಗೂ ಹೊಳೆಯುತ್ತೆ, ಅಲ್ವಾ? ಅವನಿಗೆ ಹೊಳೆಯಲಿಲ್ಲ. "ನೋಡು, ಇನ್ನೂ ಲೀನೇ ಇದೆ" ಅಂತ ಖುಷಿಯಾಗಿ ಓಡಿಸುತ್ತಿದ್ದ.

ನೆಲ್ಯಾಡಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ನಮ್ಮ ಹಿಂದೆ ಕಪ್ಪು ಹೊಗೆ. ಅಂಗಡಿಯವರು ಗ್ಲಾಸ್ ತೊಳೆಯುತ್ತಲೇ ಕೇಳಿದರು, "ಡೀಸೆಲ್ ಗಾಡಿಯಾ ಮಾರಾಯ್ರೆ?"

ಇವನು ಉತ್ತರ ಕೊಡದೆ ಲಾಗ್ ಹಿಂದೆ ಮುಂದೆ ಎಳೆದಾಡುತ್ತಾ ಕೂತ. ಗ್ರಾಫ್ ದೊಡ್ಡದು ಮಾಡಿದ, ಬಣ್ಣ ಬದಲಾಯಿಸಿದ. ಚಹಾ ಆರಿತು. ಕೊನೆಗೆ ಬಾನೆಟ್ ಎತ್ತಿದಾಗ ವೈರ್ ಎದುರಿಗೇ ಜೋತಾಡುತ್ತಿತ್ತು. ಬೆಳಿಗ್ಗೆ ಸೇವ್ ಮಾಡಿದ್ದ ಹಳೇ ಟೇಬಲ್ ವಾಪಸ್ ಹಾಕಿ, ಫಿಲ್ಟರ್ ಆನ್ ಮಾಡಿ ಹೊರಟೆವು.

ಸುರತ್ಕಲ್ ದಾರಿಯಲ್ಲಿ ಚುಕ್ಕಿ ಕೊನೆಗೂ ಮೇಲಿನ ಸಾಲು ಮುಟ್ಟಿತು. "ನೂರು! ನೂರು ಕಣೋ!" ಅಂತ ಕೂಗಿದ. ಅಷ್ಟರಲ್ಲಿ ಮುಂದೆ ಗ್ಯಾಸ್ ಟ್ಯಾಂಕರ್, ಬ್ರೇಕ್. ಸಿಕ್ಕಿದ್ದು ಎರಡೇ ಮನೆ.

ಬಂಗುಡೆ ಊಟ ಮುಗಿಸಿ ನಾನು ರಾತ್ರಿ ಬಸ್ಸಿಗೆ ಸೀಟ್ ಬುಕ್ ಮಾಡಿದೆ. ಘಾಟಿ ಹತ್ತುವಾಗ ಲೋಡ್ ಜಾಸ್ತಿ ಸಿಗುತ್ತೆ, ಒಳ್ಳೊಳ್ಳೇ ಮನೆಗಳು ಬಾಕಿ ಇವೆ ಅಂತ ಅವನು ಬಸ್ ಹೊರಡುವವರೆಗೂ ಆಸೆ ತೋರಿಸುತ್ತಲೇ ಇದ್ದ.