ಮಾರ್ಕಂಡೇಯನ ಪಾಲಾದ ಅಟ್ಟೆ

ಗೋಕಾಕ ಜಲಪಾತವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಘಟಪ್ರಭೆ 52 ಮೀಟರ್ ಮೇಲಿಂದ ಧುಮುಕುವುದನ್ನು ನೋಡಬೇಕು, '1887ರಾಗನ ಇಲ್ಲಿ ಕರೆಂಟ್ ತಗದಿದ್ರು' ಎಂದು ಜೊತೆಗೆ ಬಂದ ಬೀಗರಿಗೆ ಹೇಳಬೇಕು, ಕರದಂಟು ಕಟ್ಟಿಸಿಕೊಂಡು ಬಾಗಲಕೋಟೆಗೆ ಮರಳಬೇಕು. ಎಲ್ಲ ಚಪ್ಪಲಿಯಲ್ಲೇ ಮುಗಿಯುವ ಕೆಲಸ.

ಈ ಶ್ರಾವಣದಲ್ಲಿ ಹೆಂಡತಿಯ ತಮ್ಮ ಬಂದು, 'ಮಾಮಾ, ಗೊಡಚಿನಮಲ್ಕಿ ಫಾಲ್ಸಿಗೆ ಹೋಗೂಣ್ರಿ. ಕೊಳ್ಳದಾಗ ನಡಕೋತ ಹೋಗೂದು, ಟ್ರೆಕ್ಕಿಂಗ್!' ಎಂದ. ಆ ಪದ ಕೇಳಿದ್ದೇ ತಡ, ಆರು ವರ್ಷದಿಂದ ಡಬ್ಬಿಯಲ್ಲಿ ಮಲಗಿದ್ದ ಬೂಟು ನೆನಪಾಯಿತು. ಅವ್ವ ಅದನ್ನು ಹಿಚುಕಿ ನೋಡಿ, 'ಹಾಕ್ಕೊಂಡ ಬೂಟಿಗಿಂತ ಹಾಕ್ಕೊಳ್ಳದ ಬೂಟು ಲಗೂ ಹಾಳಾಗ್ತಾವ' ಎಂದಳು. ನಾನು ನಕ್ಕೆ.

ಕಲ್ಲಿನ ಹಾದಿ, ಎರಡೂ ಕಡೆ ಕುರುಚಲು ಗಿಡ, ಕೆಳಗೆ ಮಾರ್ಕಂಡೇಯ ನದಿ ಹಾಲು ಕಡಿಮೆ ಹಾಕಿದ ಚಹಾದ ಬಣ್ಣದಲ್ಲಿ ಮೊರೆಯುತ್ತಿತ್ತು. ಅರ್ಧ ದಾರಿಗೆ 'ಪಟ್' ಎಂದಿತು. ಬಲಗಾಲಿನ ಅಟ್ಟೆ ಮುಂದಿನಿಂದ ಬಾಯಿ ಬಿಟ್ಟಿತ್ತು. ಯಮನಿಂದಲೇ ಪಾರಾದ ಮಾರ್ಕಂಡೇಯನ ಹೆಸರು ಹೊತ್ತ ನದಿಯ ದಂಡೆಯಲ್ಲಿ ನನ್ನ ಬೂಟಿಗೆ ಆಯುಷ್ಯ ಮುಗಿಯಬೇಕೇ?

ಕಟ್ಟಲು ದಾರ ಇಲ್ಲ. ಕೊನೆಗೆ ರೊಟ್ಟಿ ಸುತ್ತಿದ್ದ ಬಟ್ಟೆ ಬಿಚ್ಚಿ ಬೂಟಿಗೆ ಬಿಗಿದೆ. 'ಏನ್ರೀ, ಇನ್ನ ರೊಟ್ಟಿ ಹೆಂಗ ಉಣ್ಣೂದು?' ಎಂದಳು ಹೆಂಡತಿ. ಬಟ್ಟೆಯಲ್ಲಿದ್ದ ಶೇಂಗಾ ಹಿಂಡಿಯ ವಾಸನೆಗೆ ನಾಯಿಯೊಂದು ಬೆನ್ನು ಹತ್ತಿತು. ಪ್ರತಿ ಹೆಜ್ಜೆಗೂ ನನ್ನ ಕಾಲನ್ನೇ ಭಕ್ತಿಯಿಂದ ನೋಡುತ್ತಿತ್ತು. ಮದುವೆಯಾದ ಮೇಲೆ ಅಷ್ಟು ಗೌರವ ನನಗೆ ಯಾರೂ ಕೊಟ್ಟಿಲ್ಲ.

ಇಲ್ಲಿ ನದಿ ಎರಡು ಸಲ ಬೀಳುತ್ತದೆ. ಮೊದಲು ಸುಮಾರು 25 ಮೀಟರ್, ಕೊಳ್ಳದಲ್ಲಿ ಸ್ವಲ್ಪ ಹರಿದು ಮತ್ತೆ 20 ಮೀಟರ್. ಎಲ್ಲರೂ 'ಅಬ್ಬಬ್ಬಾ' ಎನ್ನುವಾಗ ನಾನು ತಲೆ ಬಗ್ಗಿಸಿ ಗಂಟು ಬಿಗಿಯುತ್ತಿದ್ದೆ. ಫೋಟೋಕ್ಕೆಂದು ಬಂಡೆ ಏರಿ ಕಾಲು ಮುಂದಿಟ್ಟೆ. ಗಂಟು ಸಡಿಲಾಗಿ ಅಟ್ಟೆ ಜಾರಿ, ಎರಡು ಸುತ್ತು ಹೊಡೆದು, ನೀರಿಗೆ ಬಿತ್ತು. ನಾಯಿ ಒಮ್ಮೆ ನದಿಯನ್ನು, ಒಮ್ಮೆ ನನ್ನನ್ನು ನೋಡಿ, ಬೇರೆ ಕುಟುಂಬದ ಕಡೆ ಹೊರಟುಹೋಯಿತು.

'ಚಿಂತಿ ಮಾಡಬ್ಯಾಡ್ರಿ ಮಾಮಾ' ಎಂದ ಭೂಗೋಳ ಓದಿದ ಅಳಿಯದೇವ್ರು. 'ಮಾರ್ಕಂಡೇಯ ಗೋಕಾಕದ ಹತ್ರ ಘಟಪ್ರಭಾ ಸೇರತೈತಿ, ಘಟಪ್ರಭಾ ಸೀದಾ ಬಾಗಲಕೋಟಿಗೆ. ಅಟ್ಟಿ ನಮಗಿಂತ ಮೊದಲ ಮನಿ ಮುಟ್ಟತೈತಿ.'

ರಾತ್ರಿ ನವನಗರದ ಮನೆಗೆ ಕುಂಟುತ್ತಾ ಬಂದೆ. ಅವ್ವ ನನ್ನ ಕಾಲು ನೋಡಿ, ಕಥೆಯೆಲ್ಲ ಕೇಳಿದಳು. ಆಲಮಟ್ಟಿ ಹಿನ್ನೀರಿನಲ್ಲಿ ನಮ್ಮ ಹಳೇ ಮನೆ ಮುಳುಗಿದ್ದು ಅವಳಿನ್ನೂ ಮರೆತಿಲ್ಲ.

'ಹೋಗ್ಲಿ ಬಿಡು' ಎಂದಳು. 'ಹಳೇ ಮನಿ ಬಾಗಲಾಗ ಒಂದು ಬೂಟರ ಇರ್ಲಿ.'