ತೇರಾ ಮೈಲ್ ಎಂದರೆ ಎಷ್ಟು ಕಿಲೋಮೀಟರ್?

ನಿವೃತ್ತನಾದ ಮೇಲೆ ಸೈಕಲ್ ಹತ್ತಿ ಎಂದು ನನಗೆ ಯಾವ ಡಾಕ್ಟರೂ ಹೇಳಿರಲಿಲ್ಲ. ಪುಣೆಯಲ್ಲಿ ನೌಕರಿ ಹಿಡಿದ ಮಗ ತನ್ನ ಗೇರ್ ಸೈಕಲನ್ನು ಸೊಲ್ಲಾಪುರದ ಮನೆಯಲ್ಲಿ ಮೆಟ್ಟಿಲ ಕೆಳಗೆ ಬಿಟ್ಟು ಹೋಗಿದ್ದ. ನನ್ನ ಹೆಂಡತಿ ಅದರ ಮೇಲೆ ಮಳೆಗಾಲದಲ್ಲಿ ಟವೆಲ್ ಒಣಗಿಸುತ್ತಿದ್ದಳು, ಬೇಸಿಗೆಯಲ್ಲಿ ಉಳ್ಳಾಗಡ್ಡಿಯ ಚೀಲ ಜೋತುಹಾಕುತ್ತಿದ್ದಳು. ಮೇ ತಿಂಗಳ ಕೊನೆಗೆ ಶಾಲೆಯವರು ಶಾಲು ಹೊದಿಸಿ, ತೆಂಗಿನಕಾಯಿ ಕೈಗಿಟ್ಟು ಕಳಿಸಿಕೊಟ್ಟ ಮೇಲೆ ಮನೆಯಲ್ಲಿ ಕೆಲಸವಿಲ್ಲದವರು ಇಬ್ಬರಾದೆವು. ಇಬ್ಬರಲ್ಲಿ ಟವೆಲ್ ಒಣಗಿಸಲಿಕ್ಕಾದರೂ ಬರುತ್ತಿದ್ದುದು ಸೈಕಲ್.

ಆ ಸೈಕಲನ್ನು ನಾನೇ ತುಳಿಯುತ್ತೇನೆಂದು ಮಗನಿಗೆ ಫೋನಿನಲ್ಲಿ ತಿಳಿಸಿದೆ. ಅವನು ಉತ್ಸಾಹದಿಂದ, "ಅಪ್ಪಾ, ಸಿಕ್ಕ ಸಿಕ್ಕ ಕಡೆ ತುಳಿಯಬೇಡಿ. ಖುಷಿ ಕೊಡುವ ರಸ್ತೆ ಹುಡುಕಿಕೊಳ್ಳಿ. ನೆರಳಿರಬೇಕು, ವಾಹನ ಕಡಿಮೆ ಇರಬೇಕು, ಸ್ವಲ್ಪ ಏರು, ಸ್ವಲ್ಪ ಇಳಿಜಾರು ಇರಬೇಕು" ಎಂದ. ಹೆಣ್ಣು ನೋಡಲು ಹೊರಟವನು ಹೇಳಿದ ಹಾಗಿತ್ತು.

ನನ್ನ ಅಪ್ಪ ಈ ಊರಿನಲ್ಲಿ ಮೂವತ್ತು ವರ್ಷ ಮಿಲ್ಲಿಗೆ ಸೈಕಲ್ ತುಳಿದವರು. ಭೋಂಗಾ, ಅಂದರೆ ಮಿಲ್ಲಿನ ಸೈರನ್ನು, ಕೂಗುವುದರೊಳಗೆ ಗೇಟು ಮುಟ್ಟಿಸುವುದು ಒಳ್ಳೆಯ ರಸ್ತೆ, ಮುಟ್ಟಿಸದೆ ಇರುವುದು ಕೆಟ್ಟ ರಸ್ತೆ. ಅವರ ಪಾಲಿಗೆ ರಸ್ತೆಗಳಲ್ಲಿ ಇದ್ದದ್ದು ಈ ಎರಡೇ ಜಾತಿ. ರಸ್ತೆ ಖುಷಿಯನ್ನೂ ಕೊಡಬೇಕು ಎಂದು ಯಾರಾದರೂ ಹೇಳಿದ್ದರೆ, ಹೇಳಿದವನಿಗೆ ಮಿಲ್ಲಿನಲ್ಲಿ ರಾತ್ರಿಪಾಳಿ ಕೊಡಿಸುತ್ತಿದ್ದರು. ಈಗ ಮಿಲ್ಲುಗಳು ಮುಚ್ಚಿವೆ, ಭೋಂಗಾ ಇಲ್ಲ. ಎಷ್ಟು ಹೊತ್ತಿಗೆ ಎಲ್ಲಿಗೆ ಹೋಗಿ ಮುಟ್ಟಬೇಕೆಂಬುದೇ ತಿಳಿಯದವನು ರಸ್ತೆಯ ಗುಣವನ್ನಾದರೂ ನೋಡಬೇಕಷ್ಟೆ.

ಮೇಷ್ಟರ ಬುದ್ಧಿ ಎಲ್ಲಿ ಹೋಗುತ್ತದೆ? ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಅಂಕಣ ಗೀಚಿದೆ: ನೆರಳು, ಗುಂಡಿ, ನಾಯಿ, ಪರಿಚಯಸ್ಥರು. ಮೊದಲ ಮೂರು ಯಾವ ಊರಿನಲ್ಲಾದರೂ ಬೇಕಾದೀತು. ನಾಲ್ಕನೆಯದರ ಕಷ್ಟವನ್ನು ಸ್ವಲ್ಪ ವಿವರಿಸಬೇಕು. ಕನ್ನಡ ಶಾಲೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಪಾಠ ಹೇಳಿದವನಿಗೆ ಸೊಲ್ಲಾಪುರದ ಪ್ರತಿ ಚೌಕದಲ್ಲೂ ಒಬ್ಬ ಶಿಷ್ಯ ಇರುತ್ತಾನೆ. ಶಿಷ್ಯನ ಕಣ್ಣಿಗೆ ಸರ್ ಸೈಕಲ್ ಮೇಲೆ ಕಂಡರೆ ಅದು ವ್ಯಾಯಾಮವಲ್ಲ, ವಿಪತ್ತು. "ಸರ್, ಗಾಡಿ ಕೆಟ್ಟಿದೆಯೇ?" ಎಂದು ಒಬ್ಬ. "ಸರ್, ಪಿಂಚಣಿ ಇನ್ನೂ ಚಾಲೂ ಆಗಿಲ್ಲವೇ?" ಎಂದು ಇನ್ನೊಬ್ಬ. ಮೂರನೆಯವನಂತೂ ಏನೂ ಕೇಳದೆ ಬೈಕಿನಿಂದಿಳಿದು ಜೇಬಿಗೆ ಕೈ ಹಾಕಿಯೇಬಿಟ್ಟ. ಅಂದಿನಿಂದ ನಾನು ಕ್ಯಾಪು ಹಾಕತೊಡಗಿದೆ. ಕ್ಯಾಪು ಹಾಕಿದ್ದಕ್ಕೆ ಎಲ್ಲರೂ ಇನ್ನೂ ಹತ್ತಿರ ಬಂದು ನೋಡತೊಡಗಿದರು.

ಮೊದಲ ವಾರ ಸಾತ್ ರಸ್ತಾಕ್ಕೆ ಹೋಗಿ ನಿಂತೆ. ಏಳು ರಸ್ತೆ ಕೂಡುವಲ್ಲಿ ಒಂದಾದರೂ ಚೆನ್ನಾಗಿರದೇ ಇದ್ದೀತೇ ಎಂಬ ಲೆಕ್ಕ. ಏಳನ್ನೂ ಎಣಿಸಲು ನಡುವೆ ಸೈಕಲ್ ನಿಲ್ಲಿಸಿದಾಗ ಏಳೂ ಕಡೆಯಿಂದ ಹಾರ್ನು ಕೇಳಿಸಿತು; ಅದರಿಂದಲೇ ಏಳು ಸರಿಯಾಗಿವೆ ಎಂದು ಖಾತ್ರಿಮಾಡಿಕೊಂಡು ಬಂದೆ. ಸಿದ್ಧೇಶ್ವರ ಕೆರೆಯ ದಂಡೆ, ಪಕ್ಕದ ಕೋಟೆಯ ಗೋಡೆಯ ಮಗ್ಗುಲು ಬೆಳಗಿನ ಐದೂವರೆಗೆ ನಿಜಕ್ಕೂ ಸೊಗಸು. ಆರೂವರೆಗೆ ವಾಯುಸೇವನೆಯವರು ಐದೈದು ಜನ ಕೈ ಬೀಸುತ್ತ ಅಡ್ಡಸಾಲಿನಲ್ಲಿ ಬರುತ್ತಾರೆ. ಬೆಲ್ಲು ಬಾರಿಸಿದರೆ ತಿರುಗಿ ನೋಡುತ್ತಾರೆ, ನೋಡಿದವರಲ್ಲಿ ಒಬ್ಬನಾದರೂ ಶಿಷ್ಯನಾಗಿರುತ್ತಾನೆ.

ಸೆಪ್ಟೆಂಬರಿನಲ್ಲಿ ಹೋಟಗಿ ಕಡೆ ಹೊರಟಿದ್ದು ಆ ನಾಲ್ಕನೆಯ ಅಂಕಣದಿಂದ ತಪ್ಪಿಸಿಕೊಳ್ಳಲು. ದೊಡ್ಡ ರಸ್ತೆಯಲ್ಲಿ ಲಾರಿಗಳು ಹೆಚ್ಚೆಂದು ತೊಗರಿ ಹೊಲಗಳ ನಡುವಿನ ಬಂಡಿದಾರಿಗೆ ಇಳಿದೆ. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಎರೆ ಮಣ್ಣಿನ ಗುಣ ನನಗೆ ಗೊತ್ತಿಲ್ಲವೆಂದಲ್ಲ. ತೇವ ಹಿಡಿಯುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಬಿಳಿಜೋಳಕ್ಕೆ ಹೇಳಿ ಮಾಡಿಸಿದ್ದು ಎಂದು ಪ್ರತಿ ವರ್ಷ ಭೂಗೋಳದ ಪಾಠದಲ್ಲಿ ಬರೆಸಿದ್ದೇನೆ. ಅದು ಚಕ್ರಕ್ಕೆ ಹೇಗೆ ಹಿಡಿಯುತ್ತದೆ ಎಂಬುದು ಪಠ್ಯದಲ್ಲಿರಲಿಲ್ಲ. ಮೊದಲು ಟೈರಿನ ಮೇಲೆ ತೆಳ್ಳಗೆ ಒಂದು ಪದರ ಕೂತಿತು. ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಇನ್ನೊಂದು ಪದರ. ಐವತ್ತು ಹೆಜ್ಜೆ ಹೋಗುವುದರೊಳಗೆ ಮಣ್ಣು ಮಡ್‌ಗಾರ್ಡಿನ ಒಳಗೆ ತುಂಬಿ, ಬ್ರೇಕಿನ ಸಂದಿಗೆ ನುಗ್ಗಿ, ಚಕ್ರ ನಿಂತೇಬಿಟ್ಟಿತು. ಇಳಿದು ನೂಕಿದೆ. ತಿರುಗದ ಚಕ್ರ ನೇಗಿಲಿನ ಹಾಗೆ ನೆಲ ಸೀಳುತ್ತ ಬಂತು. ಎತ್ತಿಕೊಳ್ಳೋಣವೆಂದರೆ ಸೈಕಲ್‌ಗಿಂತ ಮಣ್ಣಿನ ತೂಕವೇ ಹೆಚ್ಚು. ನನ್ನ ಬೂಟುಗಳಿಗೂ ಒಂದೊಂದು ಹಿಮ್ಮಡಿ ಹೆಚ್ಚಾಗಿ, ಎರಡು ಅಂಗುಲ ಎತ್ತರವಾಗಿದ್ದೆ.

ಬದುವಿನ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ ರೈತ ಇದನ್ನೆಲ್ಲ ಅವಸರವಿಲ್ಲದೆ ನೋಡಿದ. ರೊಟ್ಟಿ ಮುಗಿಸಿ, ನೀರು ಕುಡಿದು, ಕಳೆ ತೆಗೆಯುವ ಖುರ್ಪಿ ಹಿಡಿದುಕೊಂಡು ಬಂದ.

"ಎರೆ ಹಸಿಯಾಗಿದ್ದಾಗ ನಮ್ಮ ಎತ್ತುಗಳೂ ಹೊಲಕ್ಕೆ ಕಾಲಿಡುವುದಿಲ್ಲ, ಯಜಮಾನರೇ."

"ಎತ್ತುಗಳಿಗೆ ಯಾರು ಹೇಳಿದರು?"

"ಅವು ಸಾಲಿ ಕಲಿತಿಲ್ಲವಲ್ಲ" ಎಂದ.

ಅವನು ಮುಂದಿನ ಚಕ್ರ ಕೆರೆದ, ನಾನು ಹಿಂದಿನದನ್ನು ಕೆರೆದೆ. ಪುಸ್ತಕಕ್ಕೆ "ಮಣ್ಣು" ಎಂಬ ಐದನೆಯ ಅಂಕಣ ಸೇರಿತು.

ಡಿಸೆಂಬರಿನ ಹೊತ್ತಿಗೆ ನನಗೆ ಸ್ವಲ್ಪ ಹಮ್ಮು ಬಂದಿತ್ತು. ನಮ್ಮ ಕಟ್ಟೆಯ ಮಿತ್ರರಲ್ಲಿ ಒಬ್ಬರು, "ವಿಜಾಪುರ ರಸ್ತೆ ಹಿಡಿಯಿರಿ ಸರ್. ನಾಲ್ಕು ಪಥ, ಹಾಲಿನ ಹಾಗಿದೆ. ತೇರಾ ಮೈಲ್‌ವರೆಗೆ ಹೋಗಿ ಚಹಾ ಕುಡಿದು ಬನ್ನಿ" ಎಂದರು. ಇವರಿಗೆ ಕಾರಿದೆ. ಸೈಕಲಿನ ರಸ್ತೆಯ ಬಗ್ಗೆ ಸಲಹೆ ಕೊಡುವವರೆಲ್ಲ ಕಾರಿನವರೇ ಎಂಬುದನ್ನು ಗಮನಿಸಿದ್ದೇನೆ. ರಸ್ತೆ ಏರುತ್ತದೆಯೋ ಇಳಿಯುತ್ತದೆಯೋ ಎಂಬುದು ಅವರಿಗೆ ಪೆಟ್ರೋಲ್ ಹಾಕಿಸುವಾಗಲೂ ತಿಳಿಯುವುದಿಲ್ಲ. ತೇರಾ ಎಂದರೆ ಹದಿಮೂರು. ಹೋಗುವುದು ಹದಿಮೂರು, ಬರುವುದು ಹದಿಮೂರು, ಒಟ್ಟು ಇಪ್ಪತ್ತಾರು ಎಂದು ಲೆಕ್ಕ ಹಾಕಿ ಬೆಳಿಗ್ಗೆ ಆರಕ್ಕೆ ಹೊರಟೆ.

ಕಂಬರ ತಲಾವ್ ದಾಟಿದೆ, ಊರು ದಾಟಿದೆ, ಸೈಕಲ್ ತಾನಾಗಿಯೇ ಓಡುತ್ತಿತ್ತು. ಕಬ್ಬು ತುಂಬಿದ ಎರಡೆರಡು ಟ್ರಾಲಿಯ ಟ್ರ್ಯಾಕ್ಟರುಗಳನ್ನು ಹಿಂದೆ ಹಾಕಿದೆ. ಒಂದನ್ನು ಹಿಂದೆ ಹಾಕಿದಾಗ ಚಾಲಕನಿಗೆ ಕೈ ಕೂಡ ಬೀಸಿದೆ. ಅರವತ್ತರ ಅಂಚಿನಲ್ಲಿ ಕಾಲಿಗೆ ಇಂಥ ಬಲ ಎಲ್ಲಿಂದ ಬಂತು ಎಂದು ನನಗೇ ಬೆರಗು. ಅದು ಕಾಲಿನದಲ್ಲ, ಬೆನ್ನಿಗಿದ್ದ ಗಾಳಿಯದು ಎಂದು ತಿಳಿದದ್ದು ತೇರಾ ಮೈಲ್‌ನಲ್ಲಿ ಚಹಾ ಕುಡಿದು, ಭಜಿ ತಿಂದು, ಸೈಕಲನ್ನು ಊರ ಕಡೆ ತಿರುಗಿಸಿದಾಗ. ಬಯಲುಸೀಮೆಯಲ್ಲಿ ದಿಬ್ಬವಿಲ್ಲ ಎಂದು ಯಾರೂ ಹಿಗ್ಗಬಾರದು. ಇಲ್ಲಿ ಗಾಳಿಯೇ ದಿಬ್ಬ. ದಿಬ್ಬಕ್ಕಾದರೆ ತುದಿ ಎಂಬುದು ಇರುತ್ತದೆ. ಅತಿ ಹಗುರದ ಗೇರಿನಲ್ಲಿ ತುಳಿಯುತ್ತಿದ್ದೆ. ಕಾಲು ಗಿರಗಿರನೆ ತಿರುಗುತ್ತಿತ್ತು, ಬದಿಯ ಜಾಲಿ ಗಿಡ ಮಾತ್ರ ಇದ್ದಲ್ಲೇ ಇತ್ತು. ಹಿಂದೆ ಹಾಕಿದ್ದ ಟ್ರ್ಯಾಕ್ಟರಿನ ಚಾಲಕ ಎದುರಿನಿಂದ ಬಂದವನು ಈಗ ತಾನೇ ಕೈ ಬೀಸಿದ.

ಆ ಜಾಲಿ ಗಿಡದ್ದೇ ಮುಳ್ಳಿರಬೇಕು, ಹಿಂದಿನ ಚಕ್ರ ಉಸ್ ಎಂದಿತು. ಅರ್ಧ ಮೈಲಿ ನೂಕಿ ಪಂಕ್ಚರ್ ಅಂಗಡಿ ಮುಟ್ಟಿದೆ. ಹುಡುಗ ಟ್ಯೂಬನ್ನು ತಗಡಿನ ತೊಟ್ಟಿಯ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಬಂದಲ್ಲಿ ಬೆರಳಿಟ್ಟು, ಉಜ್ಜಿ, ಸಲ್ಯೂಷನ್ ಸವರಿ ಚೆಂದವಾಗಿ ತೇಪೆ ಹಾಕಿದ. ಆಮೇಲೆ ಗಾಳಿ ತುಂಬಲು ಹೋದರೆ ಪಂಪಿನ ಬಾಯಿ ಕೂಡಲಿಲ್ಲ. ಮಗನ ಸೈಕಲಿನ ವಾಲ್ವು ಪೆನ್ಸಿಲಿನ ಮೊನೆಯಷ್ಟು ಸಪೂರ. ಟ್ರ್ಯಾಕ್ಟರಿಗೆ ಗಾಳಿ ಹಾಕುವ ಅಂಗಡಿಯಲ್ಲಿ ಅದಕ್ಕೆ ಹೊಂದುವ ನಳಿಗೆ ಇರಲಿಲ್ಲ. "ಇದನ್ನು ಬಾಯಿಂದ ಊದಬೇಕಷ್ಟೆ ಕಾಕಾ" ಎಂದ ಹುಡುಗ. ಊರೆಲ್ಲ ಗಾಳಿ ಬೀಸುತ್ತಿದೆ, ಬೇಕಾದಲ್ಲಿ ಒಂದು ಹಿಡಿ ಇಲ್ಲ.

ಅಷ್ಟರಲ್ಲಿ ಸೊಲ್ಲಾಪುರದ ಮಾರುಕಟ್ಟೆಗೆ ಉಳ್ಳಾಗಡ್ಡಿ ಒಯ್ಯುತ್ತಿದ್ದ ಟೆಂಪೊ ನಿಂತಿತು. ಚಾಲಕ ಇಳಿದು ನನ್ನ ಕ್ಯಾಪಿನ ಕೆಳಗೆ ಬಗ್ಗಿ ನೋಡಿದ.

"ಸರ್! ನೀವು ಇಲ್ಲಿ?"

ಮೂಟೆಗಳ ಮೇಲೆ ಸೈಕಲ್ ಮಲಗಿತು. ನಾನು ಮುಂದೆ ಅವನ ಪಕ್ಕದಲ್ಲಿ ಕೂತೆ. ಹದಿಮೂರು ಕಿಲೋಮೀಟರ್ ಇಷ್ಟು ದೂರವಿರುತ್ತದೆ ಎಂದು ಗೊತ್ತಿರಲಿಲ್ಲಪ್ಪ ಎಂದು ಮಾತು ತೆಗೆದೆ. ಅವನು ಗೇರು ಬದಲಿಸುವುದನ್ನೇ ಬಿಟ್ಟು ನನ್ನ ಮುಖ ನೋಡಿದ.

"ಸರ್, ಅದು ತೇರಾ ಮೈಲ್. ಕಿಲೋಮೀಟರ್ ಅಲ್ಲ, ಮೈಲಿ. ಒಂದು ಬಿಂದು ಆರರಿಂದ ಗುಣಿಸಬೇಕು."

ನಾನು ಕಿಟಕಿಯ ಹೊರಗೆ ನೋಡಿದೆ.

"20.8" ಎಂದ ಅವನೇ. "ಏಳನೆಯ ಇಯತ್ತೆಯಲ್ಲಿ ಇದೇ ಲೆಕ್ಕಕ್ಕೆ ನಾನು ದಶಾಂಶ ಬಿಟ್ಟೆನೆಂದು ನೀವು ನನ್ನನ್ನು ಊಟದ ಬಿಡುವಿನವರೆಗೆ ಹೊರಗೆ ನಿಲ್ಲಿಸಿದ್ದಿರಿ. ಅಂದಿನಿಂದ ಒಂದು ದಿನವೂ ಮರೆತಿಲ್ಲ ಸರ್."

ಅವನ ಮಾತಿನಲ್ಲಿ ಕೊಂಕಿರಲಿಲ್ಲ, ಕೃತಜ್ಞತೆಯೇ ಇತ್ತು. ಕೊಂಕಿದ್ದರೆ ಎಷ್ಟೋ ವಾಸಿಯಾಗಿತ್ತು. ಮನೆಯಲ್ಲಿ ಹೆಂಡತಿ ಬಾಗಿಲು ತೆಗೆದವಳು ಮೂಗೆಳೆದು, "ವ್ಯಾಯಾಮಕ್ಕೆ ಹೋಗಿದ್ದಿರೋ, ಅಡತಿ ಅಂಗಡಿಗೋ?" ಎಂದಳು.

ಹುಡುಕುತ್ತಿದ್ದ ರಸ್ತೆ ಕೊನೆಗೆ ಸಿಕ್ಕಿದ್ದು ಸಂಕ್ರಾಂತಿಯ ಮುನ್ನಾದಿನ, ಅದೂ ಹಾಲು ತರಲು ಹೋದಾಗ. ಉತ್ತರ ಕಸಬಾದಿಂದ ನಂದಿಕೋಲುಗಳು ಹೊರಟಿದ್ದವು. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮ ಈ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ, ಊರೊಳಗೂ ಸುತ್ತಲೂ 68 ಲಿಂಗಗಳನ್ನು ಸ್ಥಾಪಿಸಿದ. ಏಳು ನಂದಿಕೋಲು ಹೊತ್ತವರು ಆ ಅರವತ್ತೆಂಟಕ್ಕೂ ಎಣ್ಣೆಮಜ್ಜನ ಮಾಡಿಸುತ್ತ ನಡೆಯುತ್ತಾರೆ. ಹುಟ್ಟಿದಾಗಿನಿಂದ ನೋಡಿದ ಮೆರವಣಿಗೆ. ಅದೊಂದು ದಾರಿಯ ನಕ್ಷೆ ಎಂದು ಹೊಳೆದಿರಲಿಲ್ಲ. ಪೇಟೆ, ವೇಸ್ ಎಂಬ ಊರಬಾಗಿಲು, ಗಲ್ಲಿ, ಕೆರೆಯ ದಂಡೆ, ಎಲ್ಲವನ್ನೂ ಪೋಣಿಸಿಕೊಂಡು ಹೋಗಿ ಹೊರಟಲ್ಲಿಗೇ ತಂದು ಬಿಡುವ ದಾರಿ. ನಾನು ಎಂಟು ತಿಂಗಳು ಹಾಜರಿ ಪುಸ್ತಕ ತುಂಬಿಸಿ ಮಾಡಲಾಗದ್ದನ್ನು ಎಂಟುನೂರು ವರ್ಷಗಳ ಹಿಂದೆಯೇ ಮಾಡಿಟ್ಟುಬಿಟ್ಟಿದ್ದಾರೆ. ಗಲ್ಲಿಯೊಳಗೆ ಗಾಳಿಯ ಕಾಟವಿಲ್ಲ, ಎರೆ ಮಣ್ಣಿಲ್ಲ. ಶಿಷ್ಯರು ಸಿಕ್ಕರೂ ದೇವರ ದರ್ಶನ ಎಂದುಬಿಡಬಹುದು. ಪಿಂಚಣಿಯ ಪ್ರಶ್ನೆ ಬರುವುದಿಲ್ಲ.

ಜಾತ್ರೆಯ ಗದ್ದಲ ಇಳಿದ ಮೇಲೆ ಒಂದು ಬೆಳಿಗ್ಗೆ ಹೊರಟೆ. ಬೂಟಿನ ಲೇಸು ಬಿಚ್ಚು, ಕೈ ಮುಗಿ, ಲೇಸು ಕಟ್ಟು, ಸೈಕಲ್ ಹತ್ತು, ನಾಲ್ಕು ಸುತ್ತು ತುಳಿ, ಇಳಿ, ಲೇಸು ಬಿಚ್ಚು. ಹನ್ನೊಂದನೆಯ ಲಿಂಗದ ಹತ್ತಿರ ಸೊಂಟ ನೆಟ್ಟಗಾಗಲೊಲ್ಲದು. ಅಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿ, "ನಂದಿಕೋಲು ಹೊರುವವರು ಬರಿಗಾಲಲ್ಲಿ ನಡೆಯುತ್ತಾರಪ್ಪ. ಕೂತು ಹೋಗುವವನಿಗೆ ನಿನಗೇಕೆ ಬೂಟು?" ಎಂದಳು. ಉತ್ತರ ಹೊಳೆಯಲಿಲ್ಲ.

ಮರುದಿನ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಹನ್ನೆರಡರಿಂದ ಶುರುಮಾಡಿದೆ. ಸರಾಗವಾಗಿ ಮೂವತ್ತೊಂದರವರೆಗೆ ಹೋದೆ. ಬಾಳಿವೇಸಿನ ಹತ್ತಿರ ಒಂದು ತಿರುವಿನಲ್ಲಿ ಬಲಗಾಲಿನ ಚಪ್ಪಲಿ ಪೆಡಲಿನಿಂದ ಜಾರಿ ಬಿತ್ತು. ಬ್ರೇಕು ಹಾಕಿ, ಸ್ಟ್ಯಾಂಡು ಒತ್ತಿ, ತಿರುಗುವುದರೊಳಗೆ ಮೂರನೆಯ ಅಂಕಣದಲ್ಲಿದ್ದ ನಾಯಿಗಳಲ್ಲಿ ಒಂದು ಅದನ್ನು ಕಚ್ಚಿಕೊಂಡು ಗಲ್ಲಿಯ ಒಳಗೆ ನಡೆದಿತ್ತು. ಓಡುವ ಅವಸರವೂ ಅದಕ್ಕಿರಲಿಲ್ಲ. ಮೂವತ್ತೆರಡನೆಯ ಲಿಂಗದ ಮೆಟ್ಟಿಲಿಗೆ ಒಂದೇ ಚಪ್ಪಲಿ ಬಿಟ್ಟು ಒಳಗೆ ಹೋದೆ.