ಬೇಡ ಅನ್ನುವ ಅಧಿಕಾರ ಹುಡುಗಿಯರ ಕೈಲಿರಲಿ

ಹದಿಹರೆಯದ ಹುಡುಗಿಯರಿಗೆ ಅಂತ ಪತ್ರಿಕೆಗಳಲ್ಲಿ ಬರುವ ಪುಟಗಳನ್ನು ಒಮ್ಮೆ ತೆಗೆದು ನೋಡಿ. ಮೊಡವೆಗೆ ಕಡಲೆಹಿಟ್ಟು, ಕೂದಲು ಉದುರೋದಕ್ಕೆ ಮೆಂತ್ಯ, ಮುಟ್ಟಿನ ಹೊಟ್ಟೆನೋವಿಗೆ ಡಾಕ್ಟರ ಸಲಹೆ, ಪರೀಕ್ಷೆಯ ಭಯಕ್ಕೆ ಇನ್ಯಾರದೋ ಸಲಹೆ. ಬೇಡದ ವಿಷಯಗಳೇನಲ್ಲ ಇವು. ಆದರೆ ಬರೆದವರು ದೊಡ್ಡವರು, ಯಾವುದು ಅಚ್ಚಾಗಬೇಕು ಅಂತ ಆರಿಸಿದವರೂ ದೊಡ್ಡವರು. ಹದಿನಾಲ್ಕರ ಹುಡುಗಿಗೆ ಅಲ್ಲಿರೋದು ಪ್ರಶ್ನೆ ಕೇಳುವ ಕೆಲಸ ಮಾತ್ರ. ಅದೂ ‘ಹೆಸರು, ಊರು ಬೇಡ’ ಅಂತ.

ಈ ಲೆಕ್ಕವನ್ನು ತಲೆಕೆಳಗು ಮಾಡಿದ ಒಂದು ಪತ್ರಿಕೆ ಇತ್ತು. ಅಮೆರಿಕದ ಮಿನ್ನೆಸೋಟ ರಾಜ್ಯದ ಡುಲೂತ್ ಅನ್ನುವ ಊರಲ್ಲಿ ಹುಟ್ಟಿದ ‘ನ್ಯೂ ಮೂನ್’. ಶುರು ಮಾಡಿದವರು ನ್ಯಾನ್ಸಿ ಗ್ರೂವರ್ ಅನ್ನುವ ತಾಯಿ. ಅವರ ಅವಳಿ ಹೆಣ್ಣುಮಕ್ಕಳು ಆಗ ಹದಿಹರೆಯದ ಹೊಸ್ತಿಲಲ್ಲಿದ್ದರು. ಅಲ್ಲಿಯವರೆಗೆ ಮನಸ್ಸಿಗೆ ಬಂದದ್ದನ್ನು ಪಟಪಟ ಹೇಳುವ ಹುಡುಗಿಯರು ಹನ್ನೊಂದು ಹನ್ನೆರಡಕ್ಕೆ ಬರುತ್ತಿದ್ದ ಹಾಗೆ ‘ನಂಗೊತ್ತಿಲ್ಲ’ ಅಂತ ಮಾತು ನುಂಗಿಕೊಳ್ಳೋದನ್ನು ಕ್ಯಾರಲ್ ಗಿಲಿಗನ್, ಲಿನ್ ಮೈಕೆಲ್ ಬ್ರೌನ್ ಅನ್ನುವ ಇಬ್ಬರು ಅಧ್ಯಯನ ಮಾಡಿ ಬರೆದಿದ್ದ ಕಾಲ ಅದು. ತನ್ನ ಮಕ್ಕಳಿಗೂ ಹಾಗಾಗಬಾರದು ಅನ್ನೋದು ಆ ತಾಯಿಯ ಆಸೆ. 1993ರಲ್ಲಿ ಮೊದಲ ಸಂಚಿಕೆ ಬಂತು.

ಹುಡುಗಿಯರಿಗೆ ಒಳ್ಳೆಯದನ್ನು ಕೊಡಬೇಕು ಅಂತ ಹೊರಟವರು ಬೇಕಾದಷ್ಟು ಜನ ಇದ್ದಾರೆ. ನ್ಯೂ ಮೂನ್‌ನಲ್ಲಿ ಸಂಪಾದಕ ಮಂಡಳಿಯೇ ಹುಡುಗಿಯರದ್ದಾಗಿತ್ತು. 8ರಿಂದ 14 ವರ್ಷದವರು. ಯಾವ ಸಂಚಿಕೆಗೆ ಯಾವ ವಿಷಯ, ಬಂದ ಬರಹಗಳಲ್ಲಿ ಯಾವುದು ಇರಲಿ, ಯಾವುದು ಬೇಡ ಅಂತ ಕೂತು ಮಾತಾಡುತ್ತಿದ್ದವರು ಅವರೇ. ದೊಡ್ಡವರೂ ಇದ್ದರು. ಲೆಕ್ಕಪತ್ರ, ಮುದ್ರಣದಂಥ ಕೆಲಸಗಳಿಗೆ ಅವರು ಬೇಕಲ್ವಾ? ಆದರೆ ಎಂಟನೇ ಕ್ಲಾಸಿನ ಒಬ್ಬಳು ‘ಇದು ನಮಗೆ ಬುದ್ಧಿ ಹೇಳುವ ಹಾಗಿದೆ, ಬೇಡ’ ಅಂದರೆ ಆ ಮಾತಿಗೆ ಬೆಲೆಯಿರುವ ಜಾಗ ಅದು.

ಅಲ್ಲಿದ್ದ ಎರಡು ಅಂಕಣಗಳು ನನಗೆ ತುಂಬಾ ಇಷ್ಟ. ‘ಆಸ್ಕ್ ಎ ಗರ್ಲ್’ನಲ್ಲಿ ಒಬ್ಬ ಹುಡುಗಿಯ ಕಷ್ಟಕ್ಕೆ ಉತ್ತರ ಹೇಳುತ್ತಿದ್ದವರು ಬೇರೆ ಹುಡುಗಿಯರು. ಇನ್ನೊಂದು ‘ಹೌ ಅಗ್ರವೇಟಿಂಗ್’. ಹುಡುಗಿ ಅನ್ನುವ ಕಾರಣಕ್ಕೆ ತನಗಾದ ಅನ್ಯಾಯವನ್ನು, ತನ್ನ ಸಿಟ್ಟನ್ನು ಓದುಗರು ಬರೆದು ಕಳಿಸುವ ಜಾಗ. ಹುಡುಗಿಯರ ಸಿಟ್ಟಿಗೂ ಪತ್ರಿಕೆಯಲ್ಲಿ ಒಂದು ಖಾಯಂ ಜಾಗ ಇತ್ತು ಅಂದರೆ ಅದು ಸಣ್ಣ ವಿಷಯವಾ?

ನಮ್ಮ ಕಡೆಯ ಒಂದು ಹೈಸ್ಕೂಲಿನ ಕಾರ್ಯಕ್ರಮಕ್ಕೆ ಹೋಗಿದ್ದೆ. ಹೆಡ್‌ಮಾಸ್ಟರ ಕೋಣೆಯ ಪಕ್ಕದಲ್ಲಿ ಗೋಡೆ ಪತ್ರಿಕೆ ಹಾಕಿದ್ದರು. ಡ್ರಾಯಿಂಗ್ ಶೀಟು, ಸುತ್ತ ಸ್ಕೆಚ್ ಪೆನ್ನಿನ ಬಳ್ಳಿ, ಒಳಗೆ ದುಂಡಗಿನ ಅಕ್ಷರ. ಪರಿಸರ ಸಂರಕ್ಷಣೆ, ಗುರುವಿನ ಮಹತ್ವ, ಎರಡು ಗಾದೆ, ಒಂದು ನಗೆಹನಿ. ನೋಡ್ತಾ ನಿಂತಿದ್ದಾಗ ಒಂಬತ್ತನೇ ಕ್ಲಾಸಿನ ಒಬ್ಬಳು ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ನಾನು ನಮ್ಮ ಟಾಯ್ಲೆಟ್ ಚಿಲಕ ಮುರಿದಿರೋದರ ಬಗ್ಗೆ ಬರೆದಿದ್ದೆ ಮಿಸ್. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬಾಗಿಲು ಹಿಡ್ಕೊಂಡು ನಿಲ್ಲಬೇಕು. ಸರ್ ಅದೆಲ್ಲಾ ಬೇಡ, ನೀರಿನ ಮಿತ ಬಳಕೆ ಬಗ್ಗೆ ಬರಿ ಅಂದ್ರು.” ಅವಳ ಹೆಸರು ಗೋಡೆಯ ಮೇಲಿತ್ತು, ನೀರಿನ ಮಿತ ಬಳಕೆಯ ಕೆಳಗೆ. ಆ ಮೇಷ್ಟ್ರು ಕೆಟ್ಟವರು ಅಂತ ನಾನು ಹೇಳಲ್ಲ. ಆದರೆ ಆ ಶಾಲೆಯಲ್ಲಿ ಓದಲೇಬೇಕಾಗಿದ್ದ ಬರಹ ಇದ್ದದ್ದು ಅದೊಂದೇ.

ಇನ್ನು ದುಡ್ಡಿನ ವಿಷಯ. ನ್ಯೂ ಮೂನ್ ಜಾಹೀರಾತು ತೆಗೆದುಕೊಳ್ಳುತ್ತಿರಲಿಲ್ಲ. ಓದುಗರ ಚಂದಾ ಹಣವೇ ಅದಕ್ಕೆ ಆಸರೆ. ಕ್ರೀಮಿನ ಜಾಹೀರಾತು ಹಾಕಿಕೊಂಡ ಪತ್ರಿಕೆ ‘ನಿನ್ನ ಬಣ್ಣ ಇರೋ ಹಾಗೇ ಚೆನ್ನಾಗಿದೆ’ ಅಂತ ಎಷ್ಟು ದಿನ ಬರೆದೀತು? ‘ಸ್ಯಾಸಿ’ಗೆ ಏನಾಯಿತು ನೋಡಿ. 1988ರಲ್ಲಿ ನ್ಯೂಯಾರ್ಕಿನಿಂದ ಬರೋಕೆ ಶುರುವಾದ ಪತ್ರಿಕೆ ಅದು. ದೊಡ್ಡವರೇ ನಡೆಸುತ್ತಿದ್ದರೂ ಹುಡುಗಿಯರ ಜತೆ ಗೆಳತಿಯ ಹಾಗೆ ಮಾತಾಡುತ್ತಿತ್ತು. ಲೈಂಗಿಕತೆಯ ಬಗ್ಗೆ ಮುಚ್ಚುಮರೆ ಇಲ್ಲದೆ ಬರೆಯಿತು. ಧಾರ್ಮಿಕ ಗುಂಪುಗಳು ಬಹಿಷ್ಕಾರಕ್ಕೆ ಕರೆ ಕೊಟ್ಟವು. ದೊಡ್ಡ ದೊಡ್ಡ ಜಾಹೀರಾತುದಾರರು ಹಿಂದೆ ಸರಿದರು. ಪತ್ರಿಕೆ ಆ ಬರಹಗಳನ್ನು ಕಡಿಮೆ ಮಾಡಬೇಕಾಯಿತು. 1994ರಲ್ಲಿ ಕೈ ಬದಲಾಯಿತು, 1996ರ ಹೊತ್ತಿಗೆ ಮುಗಿದೇ ಹೋಯಿತು.

ಅಮೆರಿಕದ ಹುಡುಗಿ ತಾವಿ ಗೆವಿನ್ಸನ್ ‘ರೂಕಿ’ ಅನ್ನುವ ಆನ್‌ಲೈನ್ ಪತ್ರಿಕೆ ಶುರು ಮಾಡಿದಾಗ ಅವಳಿಗೆ 15 ವರ್ಷ. 2011ರ ಸೆಪ್ಟೆಂಬರ್. ತಿಂಗಳಿಗೊಂದು ವಿಷಯ, ಶಾಲೆ ಇರುವ ದಿನಗಳಲ್ಲಿ ದಿನಕ್ಕೆ ಮೂರು ಬರಹ: ಶಾಲೆ ಬಿಟ್ಟ ಮೇಲೆ ಒಂದು, ರಾತ್ರಿ ಊಟದ ಹೊತ್ತಿಗೆ ಒಂದು, ಮಲಗುವ ಮುಂಚೆ ಒಂದು. ಹುಡುಗಿಯ ದಿನ ಹೇಗೆ ಸಾಗುತ್ತೆ ಅಂತ ಒಳಗಿನಿಂದ ಬಲ್ಲವಳಿಗೆ ಮಾತ್ರ ಹೊಳೆಯುವ ಏರ್ಪಾಡು ಇದು. ವರ್ಷದ ಬರಹಗಳನ್ನು ಆರಿಸಿ ಪುಸ್ತಕವಾಗಿಯೂ ತಂದರು. 2018ರ ನವೆಂಬರ್‌ನಲ್ಲಿ ರೂಕಿಯೂ ನಿಂತಿತು. ಹಣದ ದಾರಿ ಕಾಣದೆ ನಿಲ್ಲಿಸುತ್ತಿದ್ದೇನೆ ಅಂತ ತಾವಿ ಉದ್ದನೆಯ ಪತ್ರ ಬರೆದಳು. ಇಂಥ ಪತ್ರಿಕೆಗಳು ಓದುಗರಿಲ್ಲದೆ ಸಾಯೋದು ಕಡಿಮೆ. ಹುಡುಗಿಯರು ಓದುತ್ತಾರೆ, ಕಾಯುತ್ತಾರೆ, ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಅವರ ಕೈಯಲ್ಲಿ ದುಡ್ಡಿರಲ್ಲ ಅಷ್ಟೆ. ದುಡ್ಡಿರುವವರಿಗೆ ಅವರು ಗಿರಾಕಿಗಳಾಗಿ ಮಾತ್ರ ಬೇಕು.

ಹುಡುಗಿಯರ ಮಾತಿಗೆ ಬಲ ಇಲ್ಲ ಅನ್ನುವವರಿಗೆ 2012ರ ಒಂದು ಸಂಗತಿ ಹೇಳಬೇಕು. ಅಮೆರಿಕದ ಮೇಯ್ನ್ ರಾಜ್ಯದ 14 ವರ್ಷದ ಹುಡುಗಿಯೊಬ್ಬಳು ಬ್ಯಾಲೆ ಕ್ಲಾಸಿನಲ್ಲಿ ಗೆಳತಿಯರು ‘ನಾನು ದಪ್ಪ, ನಾನು ದಪ್ಪ’ ಅಂತ ಕೊರಗೋದನ್ನು ಕೇಳಿ ಕೇಳಿ ಬೇಸತ್ತಳು. ‘ಸೆವೆಂಟೀನ್’ ಹದಿಹರೆಯದ ಹುಡುಗಿಯರಿಗಾಗಿ 1944ರಿಂದ ಬರುತ್ತಿದ್ದ ದೊಡ್ಡ ಪತ್ರಿಕೆ. ತಿದ್ದುಪಡಿ ಮಾಡದ ಫೋಟೋಗಳನ್ನು ತಿಂಗಳಿಗೆ ಒಂದು ಸಲವಾದರೂ ಹಾಕಿ ಅಂತ ಅದಕ್ಕೆ ಮನವಿ ಬರೆದಳು. 80 ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದರು. ಹುಡುಗಿಯರ ಮೈ, ಮುಖದ ಆಕಾರವನ್ನು ಫೋಟೋದಲ್ಲಿ ಬದಲಿಸುವುದಿಲ್ಲ ಅಂತ ಸಂಪಾದಕಿ ಅದೇ ವರ್ಷದ ಆಗಸ್ಟ್ ಸಂಚಿಕೆಯಲ್ಲಿ ಅಚ್ಚು ಹಾಕಿ ಮಾತು ಕೊಟ್ಟರು.

ಈಗ ಎಲ್ಲರ ಕೈಲೂ ಮೊಬೈಲ್ ಇದೆ, ರೀಲ್ಸ್ ಇದೆ, ಮತ್ತೆ ಪತ್ರಿಕೆ ಯಾಕೆ ಅಂತ ಕೇಳ್ತಾರೆ. ರೀಲ್ಸ್‌ನಲ್ಲಿ ಹುಡುಗಿ ಒಬ್ಬಳೇ. ಕಾಮೆಂಟ್ ಹಾಕುವವನು ಯಾರೋ, ನೋಡುವವರು ಯಾರೋ. ಪತ್ರಿಕೆಗೆ ನಾಲ್ಕೈದು ಜನ ಸುತ್ತ ಕೂರಬೇಕು. ಇನ್ನೊಬ್ಬಳು ಬರೆದದ್ದನ್ನು ಪೂರ್ತಿ ಓದಬೇಕು. ಇಷ್ಟ ಇಲ್ಲದಿದ್ದರೆ ಯಾಕೆ ಅಂತ ಅವಳ ಮುಖ ನೋಡಿ ಹೇಳಬೇಕು. ಜಗಳ ಆಡಬೇಕು, ಮತ್ತೆ ಮರುದಿನ ಬಂದು ಕೂರಬೇಕು. ಈ ಅಭ್ಯಾಸ ಮೊಬೈಲ್ ಕೊಡಲ್ಲ. ‘ಹುಡುಗಿಯರು ಏನೇನೋ ಬರೆದುಬಿಟ್ಟರೆ?’ ಅನ್ನುವ ಅಪ್ಪ ಅಮ್ಮಂದಿರ ಭಯ ನನಗೂ ಅರ್ಥವಾಗುತ್ತೆ. ಯಾರಾದರೂ ಹಿಂಸೆ ಕೊಡುತ್ತಿರೋದನ್ನು ಒಬ್ಬಳು ಬರೆದರೆ ಸುಮ್ನೆ ಅಚ್ಚು ಹಾಕಿ ಕೂರೋಕಾಗಲ್ಲ. ಅವಳ ಹಿಂದೆ ನಿಲ್ಲೋದಕ್ಕೇ ಒಬ್ಬ ದೊಡ್ಡವರು ಬೇಕು.

ಕನ್ನಡಕ್ಕೆ ಇದು ಹೊರಗಿನ ಮಾತೂ ಅಲ್ಲ. ನೂರು ವರ್ಷದ ಹಿಂದೆ ನಂಜನಗೂಡು ತಿರುಮಲಾಂಬ ‘ಕರ್ನಾಟಕ ನಂದಿನಿ’ ನಡೆಸಿದರು. ಆರ್. ಕಲ್ಯಾಣಮ್ಮ ‘ಸರಸ್ವತಿ’ಯನ್ನು ದಶಕಗಳ ಕಾಲ ನಡೆಸಿದರು. ಇಬ್ಬರೂ ಬಾಲವಿಧವೆಯರು. ಮೂಲೆಯಲ್ಲಿ ಕೂತಿರು ಅಂತ ಮನೆ, ಊರು ಹೇಳುವ ವಯಸ್ಸಿನಲ್ಲಿ ಪುಸ್ತಕ ಹಿಡಿದ ಹುಡುಗಿಯರು ಮುಂದೆ ಸಂಪಾದಕಿಯರಾದರು. ಇವತ್ತು ಮಕ್ಕಳಿಗೆ ಕಥೆ, ಕಾಮಿಕ್ಸ್ ಇವೆ, ಗೃಹಿಣಿಯರಿಗೆ ಧಾರಾವಾಹಿ ಇದೆ. ನಡುವಿನ ಆ ಐದಾರು ವರ್ಷಕ್ಕೆ ಅವರದೇ ಅನ್ನುವಂಥದ್ದು ಏನಿದೆ ಹೇಳಿ?

ಬಣ್ಣದ ಮುಖಪುಟ ಬೇಡ. ಎ4 ಹಾಳೆ, ಎರಡೂ ಕಡೆ ಜೆರಾಕ್ಸ್, ನಡುವೆ ಎರಡು ಪಿನ್ನು, ಇಷ್ಟು ಸಾಕು. ಶಾಲೆಯಲ್ಲೋ ಪಂಚಾಯಿತಿ ಲೈಬ್ರರಿಯಲ್ಲೋ ಶನಿವಾರ ಮಧ್ಯಾಹ್ನ ಒಂದು ಮೇಜು ಬಿಟ್ಟುಕೊಡಿ. ಕಾಗುಣಿತ ತಿದ್ದೋದನ್ನು ಕೂಡ ಅವರು ಕೇಳಿದರೆ ಮಾತ್ರ ಮಾಡಿ. ನಿಮ್ಮೂರಲ್ಲಿ ಹೀಗೆ ಮಾಡಬಲ್ಲ ಹುಡುಗಿಯರು, ಅವರ ಬೆನ್ನಿಗೆ ನಿಲ್ಲುವ ಒಬ್ಬ ಟೀಚರ್ ಇದ್ದರೆ ನನಗೆ ತಿಳಿಸಿ. ಮೊದಲ ವರ್ಷದ ಕಾಗದ, ಜೆರಾಕ್ಸ್ ಖರ್ಚು ನಾನು ನೋಡಿಕೊಳ್ಳುತ್ತೇನೆ. ಪತ್ರಿಕೆಯಲ್ಲಿ ನನ್ನ ಹೆಸರು ಬೇಡ, ಮುಂಚೆ ನನಗೆ ತೋರಿಸೋದೂ ಬೇಡ. ಅಚ್ಚಾದ ಮೇಲೆ ಒಂದು ಪ್ರತಿ ಪೋಸ್ಟಿನಲ್ಲಿ ಕಳಿಸಿ, ಚಂದಾ ಕೊಟ್ಟೇ ಓದುತ್ತೇನೆ.